ಉರಿಯದೇ ಉಳಿದ ಕಲ್ಲಿದ್ದಲಿಗೆ ಬಿಲ್ ಹಾಕಿದ ಜೇಮ್ಸ್ ವಾಟ್

ಜೇಮ್ಸ್ ವಾಟ್ ಅಂದ್ರೆ ಎಲ್ರಿಗೂ ನೆನಪಾಗೋದು ಆ ಕೆಟಲ್ ಕಥೆ, ಕುದಿಯೋ ನೀರಿನ ಮೇಲೆ ಮುಚ್ಚಳ ಕುಣಿಯೋದನ್ನ ನೋಡಿ ಹುಡುಗ ಸ್ಟೀಮ್ ಎಂಜಿನ್ ಕಂಡುಹಿಡಿದ ಅಂತ. ದಯವಿಟ್ಟು ಮಕ್ಕಳಿಗೆ ಇದನ್ನ ಹೇಳೋದು ನಿಲ್ಸಿ. ಥಾಮಸ್ ನ್ಯೂಕಮನ್ ಮಾಡಿದ ಸ್ಟೀಮ್ ಎಂಜಿನ್ 1712ರಲ್ಲೇ ಗಣಿಯಿಂದ ನೀರೆತ್ತೋಕೆ ಶುರು ಮಾಡಿತ್ತು, ವಾಟ್ ಹುಟ್ಟಿದ್ದೇ 1736ರಲ್ಲಿ. ವಾಟ್ ಮಾಡಿದ್ದು ಬೇರೆ ಕೆಲಸ, ಮತ್ತೆ ನನ್ನ ಪ್ರಕಾರ ಅದು ಇನ್ನೂ ದೊಡ್ಡದು. ನ್ಯೂಕಮನ್ ಎಂಜಿನ್‌ನಲ್ಲಿ ಪ್ರತಿ ಸಲ ಸಿಲಿಂಡರ್ ಒಳಗೇ ತಣ್ಣೀರು ಚಿಮ್ಮಿಸಿ ಆವಿಯನ್ನ ನೀರು ಮಾಡ್ತಿದ್ರು, ಆಗ ಸಿಲಿಂಡರ್ ಪೂರ್ತಿ ತಣ್ಣಗಾಗೋದು, ಮುಂದಿನ ಸಲ ಬರೋ ಆವಿ ಮೊದಲು ಆ ಕಬ್ಬಿಣನ ಬಿಸಿ ಮಾಡ್ಬೇಕು ಆಮೇಲೆ ಕೆಲಸ ಮಾಡ್ಬೇಕು, ಕಲ್ಲಿದ್ದಲಿನ ಬಹುಪಾಲು ಹೋಗ್ತಿದ್ದಿದ್ದು ಇಲ್ಲೇ. ವಾಟ್ ಆವಿ ತಣ್ಣಗಾಗೋಕೆ ಪಕ್ಕದಲ್ಲಿ ಬೇರೆ ಡಬ್ಬಿ ಇಟ್ರು. 1769ರಲ್ಲಿ ಪೇಟೆಂಟ್ ಬಂತು. ಅದೇ ಕೆಲಸಕ್ಕೆ ಅರ್ಧಕ್ಕಿಂತ ಕಡಿಮೆ ಕಲ್ಲಿದ್ದಲು ಸಾಕಾಯ್ತು.

ಅಂದ್ರೆ ಅವರು ಮಾರೋಕೆ ಹೊರಟಿದ್ದು ಎನರ್ಜಿ ಎಫಿಶಿಯೆನ್ಸಿನ. ಆದ್ರೆ ಕೊಳ್ಳೋರು ಯಾರು? ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರ, ತಾಮ್ರದ ಗಣಿ ಇತ್ತು, ಗಣಿ ಆಳ ಹೋದಷ್ಟೂ ನೀರು ತುಂಬ್ತಿತ್ತು, ಆದ್ರೆ ಅಲ್ಲಿ ಕಲ್ಲಿದ್ದಲು ಇಲ್ಲ, ಸೌತ್ ವೇಲ್ಸ್‌ನಿಂದ ಹಡಗಲ್ಲಿ ತರಿಸ್ಬೇಕು, ದುಬಾರಿ. ಹೊಸ ಎಂಜಿನ್ ಬೇಕು ಅನ್ನೋದು ಎಲ್ರಿಗೂ ಗೊತ್ತು, ಅಷ್ಟೊಂದು ದುಡ್ಡು ಒಟ್ಟಿಗೆ ಹಾಕೋಕೆ ಭಯ. ಅಲ್ಲಿ ವಾಟ್ ಮತ್ತೆ ಅವರ ಪಾರ್ಟ್ನರ್ ಮ್ಯಾಥ್ಯೂ ಬೋಲ್ಟನ್ ಹೇಳಿದ್ದು ಏನು ಗೊತ್ತಾ, ಎಂಜಿನ್ ಕಟ್ಟೋ ಸಾಮಾನಿನ ಖರ್ಚು ನಿಮ್ಮದು, ನಮ್ಮ ಫೀಸು ಮಾತ್ರ ಉಳಿತಾಯದಲ್ಲಿ ಕೊಡಿ, ಹಳೆ ಎಂಜಿನ್ ಇದ್ದಿದ್ರೆ ಎಷ್ಟು ಕಲ್ಲಿದ್ದಲು ಉರೀತಿತ್ತೋ ಅದರಲ್ಲಿ ಈಗ ಎಷ್ಟು ಉಳೀತೋ ಅದರ ಬೆಲೆಯ ಮೂರನೇ ಒಂದು ಭಾಗ ನಮಗೆ, ಉಳಿದ ಎರಡು ಭಾಗ ನಿಮಗೆ, 1800ರಲ್ಲಿ ಪೇಟೆಂಟ್ ಮುಗಿಯೋವರೆಗೆ. ಇವತ್ತು ಎಸ್ಕೊ (ಬೇರೆಯವರಿಗೆ ಎನರ್ಜಿ ಉಳಿಸಿಕೊಟ್ಟು ದುಡಿಯೋ) ಕಂಪನಿಗಳು 'ಶೇರ್ಡ್ ಸೇವಿಂಗ್ಸ್' ಅಂತ ಪಿಪಿಟಿಯಲ್ಲಿ ತೋರ್ಸೋ ಮಾಡೆಲ್‌ನ ತಿರುಳು ಅಲ್ಲೇ ಇದೆ, ಇನ್ನೂರೈವತ್ತು ವರ್ಷ ಹಳೇದು.

ಈಗ ನಂಗೆ ತುಂಬಾ ಇಷ್ಟವಾದ ಭಾಗ. ಉರಿದ ಕಲ್ಲಿದ್ದಲನ್ನ ತೂಕ ಹಾಕ್ಬೋದು, ಉರಿಯದೇ ಇದ್ದಿದ್ದನ್ನ ಹೇಗೆ ತೂಕ ಹಾಕ್ತೀರಾ? ಅದಕ್ಕೆ ಮೊದಲು ಅಲ್ಲಿನ ಹಳೆ ಎಂಜಿನ್‌ಗಳನ್ನ ಪರೀಕ್ಷೆ ಮಾಡಿ, ಇಷ್ಟು ಕಲ್ಲಿದ್ದಲಿಗೆ ಇಷ್ಟು ನೀರು ಇಷ್ಟು ಎತ್ತರಕ್ಕೆ ಬರುತ್ತೆ ಅಂತ ಎರಡೂ ಕಡೆಯವರು ಒಪ್ಪಿದ ಒಂದು ಲೆಕ್ಕ ಮಾಡ್ಕೊಂಡ್ರು. ಆಮೇಲೆ ಹೊಸ ಎಂಜಿನ್‌ನ ದೊಡ್ಡ ತೊಲೆ ಮೇಲೆ ಬೀಗ ಹಾಕಿದ ಒಂದು ಪೆಟ್ಟಿಗೆ ಕೂರಿಸಿದ್ರು, ಒಳಗೆ ಒಂದು ಲೋಲಕ, ತೊಲೆ ಒಂದ್ಸಲ ಮೇಲೆ ಕೆಳಗೆ ಆದ್ರೆ ಮುಳ್ಳು ಒಂದು ಹೆಜ್ಜೆ ಮುಂದೆ ಹೋಗುತ್ತೆ. ಎಷ್ಟು ಸಲ ಆಡಿತು ಗೊತ್ತಾದ್ರೆ ಎಷ್ಟು ನೀರು ಎತ್ತಿತು ಗೊತ್ತಾಗುತ್ತೆ, ಅಷ್ಟು ನೀರಿಗೆ ಹಳೆ ಎಂಜಿನ್ ಎಷ್ಟು ಕಲ್ಲಿದ್ದಲು ತಿಂತಿತ್ತು ಅನ್ನೋದು ಮೊದಲೇ ಒಪ್ಪಿರೋ ಲೆಕ್ಕ, ಈಗ ತಿಂದಿದ್ದನ್ನ ಅದರಿಂದ ಕಳೆದ್ರೆ ಮುಗೀತು. ಬೇಸ್‌ಲೈನ್ (ಹೋಲಿಸೋಕೆ ಮೊದಲೇ ಒಪ್ಪಿಕೊಂಡ ಹಳೆ ಲೆಕ್ಕ), ಮೀಟರ್, ಬೀಗ, ಮೂರೇ ವಿಷಯ.

ಆದ್ರೆ ಹಿಟ್ಟಿನ ಗಿರಣಿ, ಬಟ್ಟೆ ಮಿಲ್ಲುಗಳಲ್ಲಿ ಈ ಲೆಕ್ಕ ನಡೀಲಿಲ್ಲ, ಯಾಕಂದ್ರೆ ಅಲ್ಲಿ ಮೊದಲು ಹಳೆ ಎಂಜಿನ್ನೇ ಇರ್ಲಿಲ್ಲ, ಎಷ್ಟೋ ಕಡೆ ಗಾಣದ ಥರ ಕುದುರೆ ಸುತ್ತಿಸ್ತಿದ್ರು. ಸರಿ, ಕುದುರೆನೇ ಬೇಸ್‌ಲೈನ್ ಮಾಡೋಣ ಅಂತ ವಾಟ್ ಒಂದು ಕುದುರೆ ನಿಮಿಷಕ್ಕೆ 33,000 ಪೌಂಡ್ ತೂಕನ ಒಂದು ಅಡಿ ಎತ್ತುತ್ತೆ ಅಂತ ಇಟ್ಕೊಂಡು, ಒಂದು ಕುದುರೆಗೆ ವರ್ಷಕ್ಕೆ 5 ಪೌಂಡ್ ಹಣ, ಲಂಡನ್‌ನಲ್ಲಾದ್ರೆ 6 ಪೌಂಡ್ ಅಂತ ರೇಟ್ ಮಾಡಿದ್ರು. ನಮ್ಮ ತೋಟದ 5 ಹೆಚ್‌ಪಿ ಪಂಪ್‌ಸೆಟ್ ಮೇಲಿರೋ ಹೆಚ್‌ಪಿ ಇದೇನೇ. ಮೊದಲಿಗೆ ಅದು ಬಾಡಿಗೆ ಲೆಕ್ಕ ಹಾಕೋ ಅಳತೆ!

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ ಇವತ್ತಿಗೂ ಒಂದು ಸಣ್ಣ ಫ್ಯಾಕ್ಟರಿ ಓನರ್ ಬ್ಯಾಂಕಿಗೆ ಹೋಗಿ ರೂಫ್‌ಟಾಪ್ ಸೋಲಾರ್‌ಗೆ ಸಾಲ ಕೇಳಿದ್ರೆ ಮ್ಯಾನೇಜರ್‌ಗೆ ಅರ್ಥ ಆಗುತ್ತೆ, ಪ್ಯಾನಲ್ ಕಣ್ಣಿಗೆ ಕಾಣುತ್ತೆ, ಎಷ್ಟು ಯೂನಿಟ್ ಬಂತು ಅಂತ ಮೀಟರೇ ಹೇಳುತ್ತೆ, ಇನ್‌ಕಮ್ ಟ್ಯಾಕ್ಸ್‌ನಲ್ಲಿ 40% ಡಿಪ್ರಿಸಿಯೇಶನ್ (ಸವಕಳಿ ಕಡಿತ) ಕೂಡ ಸಿಗುತ್ತೆ, ಕೈಯಿಂದ ದುಡ್ಡು ಹಾಕೋಕೆ ಇಷ್ಟ ಇಲ್ಲದಿದ್ರೆ ಓಪೆಕ್ಸ್ ಮಾಡೆಲ್‌ನಲ್ಲಿ ಬೇರೆ ಕಂಪನಿ ಬಂದು ಚಾವಣಿ ಮೇಲೆ ಹಾಕಿ ಯೂನಿಟ್‌ಗೆ ಇಷ್ಟು ಅಂತ ಬಿಲ್ ಮಾಡುತ್ತೆ. ಅದೇ ಓನರ್ ಗಾಳಿ ಒತ್ತಿ ಮಷಿನ್‌ಗಳಿಗೆ ಕಳಿಸೋ ಕಂಪ್ರೆಸರ್ ಲೈನ್ ಸರಿ ಮಾಡ್ಸೋಕೆ, ಮೋಟರ್ ಬದಲಾಯಿಸೋಕೆ ಸಾಲ ಕೇಳಿದ್ರೆ? ಸೆಕ್ಯೂರಿಟಿ ಏನು ಅಂತಾರೆ. ಉಳಿತಾಯನ ಅಡ ಇಡೋಕಾಗಲ್ಲ.

ಆದ್ರೆ ದುಡ್ಡು ಸೋರೋದು ಅಲ್ಲೇ ಜಾಸ್ತಿ. ಭಾನುವಾರ ಮಷಿನ್ ಎಲ್ಲಾ ಆಫ್ ಇರೋವಾಗ ಕಂಪ್ರೆಸರ್ ಒಂದೇ ಆನ್ ಮಾಡಿ ಪೈಪ್ ಪಕ್ಕ ನಿಂತ್ಕೊಳ್ಳಿ, ಹೋಸ್ ಜಾಯಿಂಟ್‌ಗಳಲ್ಲಿ ಸುಸ್ ಅನ್ನೋ ಶಬ್ದ ಕೇಳುತ್ತೆ, ಸೋಪಿನ ನೀರು ಹಚ್ಚಿದ್ರೆ ಗುಳ್ಳೆ ಏಳುತ್ತೆ. 7 ಬಾರ್ ಪ್ರೆಶರ್‌ನಲ್ಲಿ ಬರೀ 3 ಮಿಲಿಮೀಟರ್ ತೂತು ಇದ್ರೆ ಸುಮಾರು 3-4 ಕಿಲೋವ್ಯಾಟ್ ಗಾಳಿಗೆ ಹೋಗ್ತಾ ಇರುತ್ತೆ. ಇದನ್ನ ಬಿಟ್ಟು ಮೊದಲು ಸೋಲಾರ್ ಹಾಕ್ಸೋದು ತೂತು ಕೊಡಕ್ಕೆ ಎರಡನೇ ನಲ್ಲಿ ಹಾಕ್ಸಿದ ಹಾಗೆ. ಇನ್ನು ಫ್ಯಾನು, ಸೆಂಟ್ರಿಫ್ಯೂಗಲ್ ಪಂಪು: ಇವು ತಿನ್ನೋ ಪವರ್ರು ವೇಗದ ಘನಕ್ಕೆ ತಕ್ಕ ಹಾಗೆ ಏರುತ್ತೆ, ಅಂದ್ರೆ ವೇಗನ 80%ಗೆ ಇಳಿಸಿದ್ರೆ 0.8 × 0.8 × 0.8, ಹತ್ತಿರ ಹತ್ತಿರ 51% ಪವರ್ ಸಾಕು. ಐದನೇ ಒಂದು ಭಾಗ ವೇಗ ಬಿಟ್ರೆ ಅರ್ಧ ಕರೆಂಟ್ ಉಳೀತು! ಮೋಟರ್ ವೇಗ ಬೇಕಾದಷ್ಟಕ್ಕೆ ಇಳಿಸೋ ವಿಎಫ್‌ಡಿ ಹಾಕಿದ್ರೆ ಆಯ್ತು, ಆದ್ರೆ ಎಷ್ಟೋ ಕಡೆ ಫ್ಯಾನ್ ಫುಲ್ ಸ್ಪೀಡಲ್ಲಿ ಬಿಟ್ಟು ಮುಂದೆ ಗಾಳಿ ತಡೆಯೋ ಬಾಗಿಲು, ಡ್ಯಾಂಪರ್, ಅರ್ಧ ಮುಚ್ಚಿರ್ತಾರೆ.

ಹಾಗಾದ್ರೆ ಉಳಿತಾಯನ ಅಳೆಯೋದು ಹೇಗೆ? ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಯುನಿಟ್ ಅಂದ್ಕೊಳ್ಳಿ. ಹಳೆ ಬಿಲ್ಲು, ಪ್ರೊಡಕ್ಷನ್ ರಿಜಿಸ್ಟರ್ ಅಕ್ಕಪಕ್ಕ ಇಟ್ಟು ನೋಡಿದಾಗ ಮಾಲು ಬರಲಿ ಬಿಡಲಿ ತಿಂಗಳಿಗೆ 8,000 ಯೂನಿಟ್ ಹೋಗುತ್ತೆ, ಅದರ ಮೇಲೆ ಟನ್ನಿಗೆ 1,000 ಯೂನಿಟ್ ಅಂತ ಗೊತ್ತಾಯ್ತು. ತಿಂಗಳಿಗೆ 20 ಟನ್ ಮಾಡ್ತಿದ್ರು, 28,000 ಯೂನಿಟ್. 6 ಲಕ್ಷ ಸಾಲ ಮಾಡಿ ಸರ್ವೋ ಮೋಟರ್ ಹಾಕ್ಸಿದ್ರು, ಪ್ಲಾಸ್ಟಿಕ್ ಕರಗಿಸೋ ಬ್ಯಾರಲ್ ಹೀಟರ್‌ಗೆ ಇನ್ಸುಲೇಶನ್ ಜಾಕೆಟ್ ಹೊದಿಸಿದ್ರು. ಅಷ್ಟರಲ್ಲಿ ಆರ್ಡರ್ ಜಾಸ್ತಿ ಬಂತು, 25 ಟನ್ ಆಯ್ತು, ಬಿಲ್ ನೋಡಿದ್ರೆ 29,000 ಯೂನಿಟ್. ಓನರ್‌ಗೆ ಸಿಟ್ಟು, ಉಳಿಸ್ತೀನಿ ಅಂದೋರು 1,000 ಯೂನಿಟ್ ಜಾಸ್ತಿ ಮಾಡಿದ್ರಲ್ಲ ಅಂತ. ಆದ್ರೆ ಹಳೆ ಮಷಿನ್‌ನಲ್ಲಿ 25 ಟನ್ನಿಗೆ 33,000 ಆಗ್ತಿತ್ತು. ಉಳಿದಿದ್ದು 4,000 ಯೂನಿಟ್, ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದ್ರೆ ತಿಂಗಳಿಗೆ 32,000 ರೂಪಾಯಿ. ಆ 6 ಲಕ್ಷಕ್ಕೆ 11% ಬಡ್ಡಿಯಲ್ಲಿ ಮೂರು ವರ್ಷಕ್ಕೆ ಕಂತು 20,000ದ ಆಸುಪಾಸು. ಕಂತು ಕಟ್ಟಿ ಇನ್ನೂ 12,000 ಕೈಯಲ್ಲಿ ಉಳೀತು. ಬಿಲ್ ಏರಿದೆ, ಉಳಿತಾಯನೂ ಆಗಿದೆ, ಎರಡೂ ನಿಜ, ಮತ್ತೆ ಈ ಲೆಕ್ಕ ಮೊದಲೇ ಕಾಗದದ ಮೇಲೆ ಇಲ್ಲದಿದ್ರೆ ಜಗಳ ಗ್ಯಾರಂಟಿ. ಕಾರ್ನ್‌ವಾಲ್‌ನಲ್ಲೂ ಜಗಳ ಆಯ್ತು, ಗಣಿಯವರು ದುಡ್ಡು ಕೊಡೋಕೆ ತಕರಾರು ಮಾಡಿದ್ರು, ಪೇಟೆಂಟ್ ವಿಷಯ ಕೋರ್ಟಿಗೂ ಹೋಯ್ತು.

ಬೇಸ್‌ಲೈನ್ ಇಲ್ಲದೆ ಉಳಿತಾಯದ ಮಾತಾಡೋರನ್ನ ನಂಬ್ಬೇಡಿ. ಪ್ಲಗ್‌ಗೆ ಸಿಕ್ಕಿಸೋ 'ಪವರ್ ಸೇವರ್' ಡಬ್ಬಿ ಆನ್‌ಲೈನ್‌ನಲ್ಲಿ ಇವತ್ತಿಗೂ ಮಾರಾಟ ಆಗ್ತಿದೆ, ಬಿಚ್ಚಿದ್ರೆ ಸಾಮಾನ್ಯವಾಗಿ ಒಳಗಿರೋದು ಒಂದು ಕೆಪ್ಯಾಸಿಟರ್, ಒಂದು ಎಲ್‌ಇಡಿ ಲೈಟು. ಬಿಲ್‌ನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಲೆಕ್ಕಕ್ಕೆ ಬರೋ ಫ್ಯಾಕ್ಟರಿಲಿ ಸರಿಯಾದ ಸೈಜಿನ ಕೆಪ್ಯಾಸಿಟರ್ ಬ್ಯಾಂಕ್ ಖಂಡಿತ ದುಡ್ಡು ಉಳಿಸುತ್ತೆ, ಮನೆ ಬಿಲ್ ಬರೋದು ನಿಜವಾಗ್ಲೂ ಬಳಸಿದ ಯೂನಿಟ್‌ಗೆ, ಅದನ್ನ ಈ ಡಬ್ಬಿ ಕಡಿಮೆ ಮಾಡಲ್ಲ. 'ಹಾಕಿದ್ಮೇಲೆ ನಮ್ಮ ಬಿಲ್ ಕಮ್ಮಿ ಬಂತು' ಅನ್ನೋರು ಆ ತಿಂಗಳು ಮಳೆ ಶುರುವಾಗಿ ಫ್ಯಾನ್ ಹಾಕಿರ್ಲಿಲ್ಲ ಅನ್ನೋದನ್ನ ಲೆಕ್ಕಕ್ಕೇ ತಗೊಂಡಿರಲ್ಲ.

ನಮ್ಮ ದೇಶದಲ್ಲಿ ಈ ದಾರಿ ಚೆನ್ನಾಗಿ ಕೆಲಸ ಮಾಡಿದ್ದು ಅಳತೆ ಸುಲಭ ಇದ್ದ ಕಡೆ. ಬಲ್ಬಿನ ವ್ಯಾಟ್ ಡಬ್ಬಿ ಮೇಲೇ ಇರುತ್ತೆ, ಎಷ್ಟು ಗಂಟೆ ಉರೀತು ಅಂತ ಲೆಕ್ಕ ಹಾಕೋದೂ ಕಷ್ಟ ಅಲ್ಲ, ಹಾಗಾಗಿ ಸರ್ಕಾರಿ ಕಂಪನಿ ಇಇಎಸ್‌ಎಲ್ 2015ರಿಂದ ಉಜಾಲಾ ಯೋಜನೆಲಿ ಎಲ್‌ಇಡಿ ಹಂಚಿತು, ಕೋಟಿಗಟ್ಟಲೆ ಬಲ್ಬು ಒಟ್ಟಿಗೆ ಟೆಂಡರ್ ಕರೆದಿದ್ದಕ್ಕೆ 310 ರೂಪಾಯಿ ಇದ್ದ ಖರೀದಿ ಬೆಲೆ 2016ರಷ್ಟರಲ್ಲಿ 38ಕ್ಕೆ ಇಳೀತು. ಬೀದಿ ದೀಪಕ್ಕೂ ಇದೇ ಕಂಪನಿ ಮೊದಲು ತಾನೇ ದುಡ್ಡು ಹಾಕಿ ಆಮೇಲೆ ನಗರಸಭೆಗಳಿಂದ ಕಂತಲ್ಲಿ ವಾಪಸ್ ತಗೊಂಡಿತು.

ಫ್ಯಾಕ್ಟರಿ ವಿಷಯದಲ್ಲಿ ಅಷ್ಟು ಸುಲಭ ಅಲ್ಲ, ಆದ್ರೂ ದಾರಿ ತೆರೀತಿದೆ. 2025ರಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯವರು 1,000 ಕೋಟಿಯ ಅದಿತಿ (ADEETIE) ಅನ್ನೋ ಸ್ಕೀಮ್ ಶುರು ಮಾಡಿದ್ರು, ಎಫಿಶಿಯೆನ್ಸಿಗೆ ಅಂತ ತಗೊಂಡ ಸಾಲದ ಬಡ್ಡಿಲಿ ಮೈಕ್ರೋ, ಸಣ್ಣ ಕೈಗಾರಿಕೆಗೆ 5%, ಮಧ್ಯಮಕ್ಕೆ 3% ಸರ್ಕಾರನೇ ಭರಿಸುತ್ತೆ. ಷರತ್ತು ಏನು ಅಂದ್ರೆ ಕನಿಷ್ಠ 10% ಉಳಿತಾಯ ತೋರಿಸ್ಬೇಕು. ತೋರಿಸೋಕೆ ಎನರ್ಜಿ ಆಡಿಟ್ ಆಗ್ಬೇಕು, ಅದಕ್ಕೂ ಸ್ಕೀಮ್‌ನಲ್ಲೇ ಸಹಾಯ ಇದೆ. ಆದ್ರೆ ಆಡಿಟರ್ ಬಂದ ತಕ್ಷಣ ಕೇಳೋದು ಕಳೆದ ಹನ್ನೆರಡು ತಿಂಗಳ ಬಿಲ್ಲು, ಅದೇ ತಿಂಗಳುಗಳಲ್ಲಿ ಎಷ್ಟು ಟನ್ ಮಾಲು ಹೊರಗೆ ಹೋಯ್ತು ಅನ್ನೋದು. ಬಿಲ್ ಎಸ್ಕಾಂ ಕಡೆಯಿಂದ ಹೇಗೂ ಸಿಗುತ್ತೆ, ಮಾಲಿನ ಲೆಕ್ಕ ನೀವೇ ಬರೆದಿಟ್ಟಿರ್ಬೇಕು, ಇವತ್ತು ಸಂಜೆ ಶಿಫ್ಟ್ ಮುಗಿದ್ಮೇಲೆ ಒಂದು ನೋಟ್‌ಬುಕ್ ತಗೊಂಡು ಮೀಟರ್ ರೀಡಿಂಗ್ ಪಕ್ಕದಲ್ಲೇ ಇವತ್ತಿನ ಟನ್ನೂ ಬರೆಯೋಕೆ ಶುರು ಮಾಡಿ.