ಕ್ಲಿಪ್ಪಿಗಿಂತ ಮೊದಲು ಇಕ್ಕುಳ

ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಹೋಸನ್ನು ತೋಟದೊಳಗೆ ನೂರು ಮೀಟರ್ ಎಳೆದವರಿಗೆ ಮಾತ್ರ ಗೊತ್ತಿರುವ ಒಂದು ಉಪದ್ರ ಉಂಟು. ಎಲ್ಲಿ ಜಾಯಿಂಟ್ ಹಾಕಿದ್ದೇವೋ ಅಲ್ಲಿ ಹೋಸನ್ನು ಸುತ್ತಿ ಬಿಗಿ ಮಾಡುವ ಲೋಹದ ಪಟ್ಟಿ, ಸ್ಕ್ರೂ ಕ್ಲಿಪ್, ಕೂತಿರ್ತದೆ, ಅದರ ಸ್ಕ್ರೂ ಹೋಸಿನ ಮೈಯಿಂದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಹೊರಗೆ, ಅದು ಬಿದ್ದ ಸೋಗೆಗೆ ಸಿಕ್ಕಿಕೊಳ್ತದೆ, ಮೆಣಸಿನ ಬಳ್ಳಿಗೆ ಸಿಕ್ಕಿಕೊಳ್ತದೆ, ಸ್ಪ್ರಿಂಕ್ಲರಿನ ಪೈಪಿಗೆ ಸಿಕ್ಕಿಕೊಳ್ತದೆ, ಕೆಳಗೆ ನಿಂತವ ಎಳೀತಾನೆ, ಮೇಲಿದ್ದವ ಬೈತಾನೆ. ಈಗ ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದ ಕೋಲು, ದೋಟಿ, ಬಂದ ಮೇಲೆ ಇನ್ನೊಂದು ಸೇರಿದೆ, ಆ ಸ್ಕ್ರೂ ಕಾರ್ಬನ್ ಫೈಬರ್ ದೋಟಿಯ ಮೈಗೆ ಉಜ್ಜಿ ಗೀರು ಹಾಕ್ತದೆ, ದೋಟಿಯ ರೇಟು ಗೊತ್ತಿದ್ದವರಿಗೆ ಆ ಗೀರು ನೋಡುವಾಗ ಹೊಟ್ಟೆ ಉರೀತದೆ.

ನಾನು ಕಾಸರಗೋಡಿನ ಸೀತಾಂಗೋಳಿ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವ. ನಮ್ಮಲ್ಲಿ ಮದ್ದು ಬಿಡುವ ಅಣ್ಣ ಒಬ್ರು ಎರಡು ಮಳೆಗಾಲದ ಹಿಂದೆ ತೊಡೆಗೆ ಕ್ಲಿಪ್ ಗೀರಿದ್ದನ್ನು ತೋರಿಸಿ ಕೇಳಿದ್ರು, "ಭಟ್ರೇ, ಇಷ್ಟೆಲ್ಲ ಮಿಷನ್ ಇಟ್ಟುಕೊಂಡಿದ್ದೀರಿ, ಗೀರದ ಒಂದು ಕ್ಲಿಪ್ ಮಾಡ್ಲಿಕ್ಕೆ ಆಗುದಿಲ್ವಾ?" ಒಂದು ವಾರದ ಕೆಲಸ ಅಂದುಕೊಂಡೆ. ಹದಿನಾಲ್ಕು ತಿಂಗಳು ಹೋಯ್ತು.

ಮೊದಲೇ ಹೇಳ್ತೇನೆ, ಸ್ಕ್ರೂ ಕ್ಲಿಪ್ ಕೆಟ್ಟದ್ದಲ್ಲ. ಬ್ರಿಟಿಷ್ ನೌಕಾಪಡೆಯ ಲಮ್ಲಿ ರಾಬಿನ್ಸನ್ ಅಂತ ಒಬ್ರು 1921ರಲ್ಲಿ ಪೇಟೆಂಟ್ ಮಾಡಿದ್ದು, ನೂರು ವರ್ಷ ದಾಟಿದ್ರೂ ಅದನ್ನು ಹಿಂದೆ ಹಾಕುವಂಥದ್ದು ಬಂದಿಲ್ಲ, ಒಂದು ಸ್ಕ್ರೂಡ್ರೈವರ್ ಇದ್ರೆ ಸಾಕು, ಹತ್ತು ಸಲ ಬಿಚ್ಚಿ ಹಾಕಬಹುದು. ಮನೆಯ ಪಂಪಿಗೆ, ಗುಡ್ಡೆಯ ನೀರಿನ ಸುರಂಗದಿಂದ ಟ್ಯಾಂಕಿಗೆ ಬರುವ ಪೈಪಿಗೆ ಅದೇ ಸಾಕು. ಆದ್ರೆ ಕೊಳ್ಳುವಾಗ ಒಂದು ವಿಷಯ ನೋಡಿ. ಜರ್ಮನಿಯ ಡಿಐಎನ್ 3017 ಅಂತ ಸ್ಟ್ಯಾಂಡರ್ಡ್ ಉಂಟು, ಅದರಲ್ಲಿ ಡಬ್ಲ್ಯೂ1 ಅಂದ್ರೆ ಪೂರ್ತಿ ಸತುವಿನ ಲೇಪದ ಕಬ್ಬಿಣ, ಡಬ್ಲ್ಯೂ2 ಅಂದ್ರೆ ಪಟ್ಟಿ ಸ್ಟೇನ್‌ಲೆಸ್ ಆದ್ರೆ ಸ್ಕ್ರೂ ಕಬ್ಬಿಣದ್ದೇ, ಡಬ್ಲ್ಯೂ4 ಅಂದ್ರೆ ಪಟ್ಟಿ ಸ್ಕ್ರೂ ಎಲ್ಲ ಸ್ಟೇನ್‌ಲೆಸ್. ಅಂಗಡಿಯಲ್ಲಿ "ಸ್ಟೀಲಿಂದು" ಅಂತ ಕೊಡುವುದು ಸುಮಾರು ಸಲ ಡಬ್ಲ್ಯೂ2. ಪಟ್ಟಿ ಮಿಂಚ್ತದೆ, ನಾವು ಮರುಳಾಗ್ತೇವೆ, ಎರಡನೇ ವರ್ಷ ಸ್ಕ್ರೂ ತುಕ್ಕು ಹಿಡಿದು ತಿರುಗುದಿಲ್ಲ.

ನಮ್ಮ ಮದ್ದಿಗೆ ಇದು ಯಾಕೆ ಮುಖ್ಯ ಅಂದ್ರೆ, ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಸರಿ ಆಗಿದೆಯಾ ಅಂತ ನಮ್ಮ ಹಿರಿಯರು ಕತ್ತಿ ಅದ್ದಿ ನೋಡ್ತಿದ್ರಲ್ಲ, ಕತ್ತಿಗೆ ಕೆಂಪು ಹಿಡಿದ್ರೆ ಸುಣ್ಣ ಸಾಲದು ಅಂತ, ಆ ಕೆಂಪು ಬೇರೆ ಎಂತದ್ದೂ ಅಲ್ಲ, ತಾಮ್ರ. ಮೈಲುತುತ್ತಿನ ತಾಮ್ರ ಕಬ್ಬಿಣದ ಮೇಲೆ ಕೂರ್ತದೆ, ಅದರ ಬದಲಿಗೆ ಕಬ್ಬಿಣ ಕರಗಿ ಹೋಗ್ತದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಲೆಕ್ಕ ಸರಿ ಇದ್ರೂ ಸುಣ್ಣ ಹಳತಾಗಿದ್ರೆ ದ್ರಾವಣ ಹುಳಿಯಾಗಿಯೇ ಉಳೀತದೆ, ಆಗ ಜಾಯಿಂಟಿನಲ್ಲಿ ಹನಿದ ಪ್ರತಿ ಹನಿಯೂ ಕ್ಲಿಪ್ಪಿನ ಸ್ಕ್ರೂವಿಗೆ ಕತ್ತಿಯ ಪರೀಕ್ಷೆಯನ್ನೇ ಮಾಡ್ತಾ ಇರ್ತದೆ. ಹಾಗಾಗಿ ನನ್ನ ಕ್ಲಿಪ್ಪಿಗೆ 304 ಸ್ಟೇನ್‌ಲೆಸ್ ಅಂತ ಮೊದಲ ದಿನವೇ ತೀರ್ಮಾನ ಮಾಡಿದೆ, ಅದರಲ್ಲಿ ಚರ್ಚೆ ಇಲ್ಲ.

ಇನ್ನು ಲೆಕ್ಕ. ಒಳಗೆ 8.5 ಮಿಲಿಮೀಟರ್, ಹೊರಗೆ 14 ಇರುವ ಸ್ಪ್ರೇ ಹೋಸು, ಪಂಪಿನ ಪ್ರೆಶರ್ 30 ಕೆಜಿ ಅಂತ ಇಟ್ಟುಕೊಳ್ಳಿ, ಅಂದ್ರೆ ಒಂದು ಚದರ ಸೆಂಟಿಮೀಟರಿಗೆ 30. ಹೋಸಿನ ತೂತಿನ ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಲ್ಲಿಗೆ ನಿಪ್ಪಲಿನಿಂದ, ಅಂದ್ರೆ ಹೋಸಿನೊಳಗೆ ತುರುಕುವ ಜಾಯಿಂಟಿನ ಕೊಳವೆಯಿಂದ, ಹೋಸನ್ನು ದೂಡುವ ಬಲ ಸುಮಾರು 17 ಕೆಜಿ. ಅಷ್ಟೇ. ಕೇಳುವಾಗ ಸಣ್ಣದು, ಆದ್ರೆ ಜಾಯಿಂಟ್ ನೋಡಿದ್ರೆ ಬೆರಳು ಗಾತ್ರದ್ದು, ಒಳಗೆ ನೀರು, ಹೊರಗೆ ಕೆಸರು.

ಈಗ ಪಟ್ಟಿಯ ವಿಷಯಕ್ಕೆ ಬರುವಾ. ನಮ್ಮವರು ಅಗಲದ ಕ್ಲಿಪ್ ಗಟ್ಟಿ ಹಿಡೀತದೆ ಅಂತ ಹೇಳ್ತಾರೆ, ನಾನೂ ಹಾಗೆ ನಂಬಿದ್ದೆ, ಆದ್ರೆ ಲೆಕ್ಕ ಬೇರೆ ಹೇಳ್ತದೆ. ಪಟ್ಟಿಯನ್ನು ಎಷ್ಟು ಬಿಗಿಯಾಗಿ ಎಳೆದಿದ್ದೇವೋ ಅದನ್ನು 2 ಪೈಯಿಂದ, ಅಂದ್ರೆ ಸುಮಾರು 6.28ರಿಂದ ಗುಣಿಸಿದ್ರೆ ಸುತ್ತಲೂ ಸೇರಿ ಬೀಳುವ ಒಟ್ಟು ಒತ್ತಡ ಬಂತು, ಅದರಲ್ಲಿ ಅಗಲದ ಮಾತೇ ಇಲ್ಲ, ಹೋಸಿನ ಗಾತ್ರದ ಮಾತೂ ಇಲ್ಲ. 40 ಕೆಜಿ ಎಳೆದ್ರೆ ಒಟ್ಟು 250 ಕೆಜಿ. ಅಗಲ ಮಾಡುದು ಆ ಒತ್ತಡವನ್ನು ಹಂಚುದು ಮಾತ್ರ, ಸಪೂರ ಪಟ್ಟಿ ಹೋಸನ್ನು ಕೊಯ್ತದೆ, ಅಗಲದ್ದು ಕೊಯ್ಯುದಿಲ್ಲ. ಹಳಬರು ಸರಿಗೆ ಸುತ್ತಿ ಕಟ್ಟಿದ್ದು ಹಿಡೀತಿತ್ತು, ಆದ್ರೆ ಆರು ತಿಂಗಳಲ್ಲಿ ಹೋಸು ಅಲ್ಲೇ ತುಂಡಾಗ್ತಿತ್ತು, ಕಾರಣ ಇದೇ.

ಆದ್ರೆ ಆ 250 ಪೂರ್ತಿ ಸಿಕ್ಕುದಿಲ್ಲ. ಬಾವಿಯ ರಾಟೆ ತಿರುಗದೆ ಜಾಮ್ ಆದಾಗ ನೀರು ಎಳೆದಿದ್ದೀರಾ? ಹಗ್ಗ ಉಜ್ಜಿ ಉಜ್ಜಿ ಕೈಯ ಬಲ ಎಲ್ಲ ರಾಟೆಯಲ್ಲೇ ಹೋಗ್ತದೆ, ಕೊಡಪಾನಕ್ಕೆ ಮುಟ್ಟುದಿಲ್ಲ. ಕ್ಲಿಪ್ಪಿನಲ್ಲೂ ಅದೇ. ಬಾಯಿ ಇರುವಲ್ಲಿ 40 ಕೆಜಿ ಎಳೆದ್ರೆ ಆಚೆ ಬದಿಗೆ, ಅರ್ಧ ಸುತ್ತು ಹೋಗುವಾಗ, ಘರ್ಷಣೆ 0.3 ಅಂತ ಹಿಡಿದ್ರೆ ಉಳಿಯುದು 39 ಶೇಕಡಾ, ಅಂದ್ರೆ 16 ಕೆಜಿ ಕೂಡ ಇಲ್ಲ. ಜಾಯಿಂಟ್ ಯಾವಾಗ್ಲೂ ಕ್ಲಿಪ್ಪಿನ ಬೆನ್ನಿನ ಬದಿಯಲ್ಲೇ ಯಾಕೆ ಹನಿಯುದು ಅಂತ ಆಗ ನನಗೆ ಅರ್ಥ ಆಯ್ತು. ಇದಕ್ಕೆ ಪರಿಹಾರ ತುಂಬಾ ಸುಲಭ, ಬಿಗಿ ಮಾಡುವ ಮೊದಲು ಹೋಸಿಗೆ ಒಂದು ಚಿಟಿಕೆ ಸಾಬೂನು ನೀರು ಹಚ್ಚಿ, ಅರ್ಧ ಬಿಗಿ ಮಾಡಿ, ಸುತ್ತ ಮೆಲ್ಲ ತಟ್ಟಿ, ಮತ್ತೆ ಪೂರ್ತಿ ಬಿಗಿ ಮಾಡಿ. ಸ್ಕ್ರೂ ಕ್ಲಿಪ್ಪಿಗೂ ಇದು ಆಗ್ತದೆ, ಇವತ್ತೇ ಮಾಡಿ ನೋಡಬಹುದು. ಇನ್ನೊಂದು, ಹೋಸಿನ ತುದಿಯನ್ನು ಬಿಸಿನೀರಿಗೆ ಅದ್ದಿ ನಿಪ್ಪಲಿಗೆ ತುರುಕಿಸುದು ಸರಿಯೇ, ಆದ್ರೆ ಬಿಸಿ ಇರುವಾಗಲೇ ಕ್ಲಿಪ್ ಹಾಕಬೇಡಿ, ಮೆತ್ತಗಿನ ಪಿವಿಸಿ ಒತ್ತಿ ಹೋಗಿ ತಣಿದ ಮೇಲೆ ಸಡಿಲ ಆಗ್ತದೆ.

ಡಿಸೈನ್ ಹೀಗೆ. 9 ಮಿಲಿಮೀಟರ್ ಅಗಲ, 0.6 ದಪ್ಪದ ಪಟ್ಟಿ. ಒಂದು ತುದಿಯಲ್ಲಿ ಸಾಲಾಗಿ ಕಿಟಕಿಗಳು, ಇನ್ನೊಂದು ತುದಿಯಲ್ಲಿ ಪಟ್ಟಿಯಿಂದಲೇ ಕತ್ತರಿಸಿ ಎಬ್ಬಿಸಿದ ಕೊಕ್ಕೆ, ಕೊಕ್ಕೆ ಕಿಟಕಿಗೆ ಬಿದ್ರೆ ಬೀಗ. ಸ್ಕ್ರೂ ಇಲ್ಲ, ಕಿವಿ ಇಲ್ಲ, ಹೋಸಿನ ಮೇಲೆ ಎದ್ದು ನಿಲ್ಲುದು 2 ಮಿಲಿಮೀಟರಿನ ಆಸುಪಾಸು. ಈ ಜಾತಿಯ ಕ್ಲಿಪ್ ನಾನು ಕಂಡುಹಿಡಿದದ್ದಲ್ಲ, ಕಾರಿನ ಮುಂದಿನ ಚಕ್ರದ ಆಕ್ಸಲಿಗೆ ರಬ್ಬರಿನ ಬೂಟ್ ಇರ್ತದಲ್ಲ, ಅದಕ್ಕೆ ಇಂಥದ್ದು ಹಾಕ್ತಾರೆ, ಅಲ್ಲಿಯೂ ಕಾರಣ ಅದೇ, ತಿರುಗುವಾಗ ಎಲ್ಲಿಗೂ ತಾಗಬಾರದು.

ಹೇಳುವಾಗ ಸುಲಭ, ಆದ್ರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಉಂಟು, ಅದು ಹಿಡಿಯದೆ ನಾನು ನಾಲ್ಕು ತಿಂಗಳು ಕಳೆದೆ. ಸ್ಕ್ರೂ ಕ್ಲಿಪ್ಪಿನಲ್ಲಿ ಕೈಗೆ ಬಿಗಿ ಗೊತ್ತಾಗ್ತದೆ, ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು. ಕೊಕ್ಕೆಯ ಕ್ಲಿಪ್ಪಿಗೆ ನಿಲ್ಲುವ ಜಾಗ ಕಿಟಕಿಯಲ್ಲಿ ಮಾತ್ರ, ಬಿಗಿ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ. ಕಿಟಕಿಗಳು 3 ಮಿಲಿಮೀಟರಿಗೆ ಒಂದು ಅಂತ ಇಟ್ರೆ ಹೋಸಿನ ವ್ಯಾಸದಲ್ಲಿ ಅದು ಸುಮಾರು 1 ಮಿಲಿಮೀಟರಿನ ಮೆಟ್ಟಿಲು, ಒಂದು ಮೆಟ್ಟಿಲು ಸಡಿಲ, ಮುಂದಿನದ್ದಕ್ಕೆ ಮುಟ್ಟುದೇ ಇಲ್ಲ. ಕಿಟಕಿ ಹತ್ತಿರ ಮಾಡಿದ್ರೆ ಮಧ್ಯದ ಸೇತುವೆ ಹರೀತದೆ. ಕೊನೆಗೆ, ಎರಡು ಸಾಲು ಗೆರೆಗಳಲ್ಲಿ ಯಾವುದು ಯಾವುದಕ್ಕೆ ಕೂಡ್ತದೆ ಅಂತ ನೋಡಿ ಸಣ್ಣ ಅಳತೆ ಹೇಳುವ ವರ್ನಿಯರ್ ಕ್ಯಾಲಿಪರ್ ಕೈಯಲ್ಲಿ ಹಿಡಿದುಕೊಂಡೇ ಇದ್ದವನಿಗೆ ಅದೇ ಉತ್ತರ ಅಂತ ಹೊಳೀಲಿಕ್ಕೆ ಅಷ್ಟು ದಿನ ಬೇಕಾಯ್ತು, ಒಂದು ಕೊಕ್ಕೆಯ ಬದಲು ಎರಡು, ಒಂದರ ಹಿಂದೆ ಒಂದು, ನಡುವೆ 4.5 ಮಿಲಿಮೀಟರ್. ಈಗ ಪ್ರತಿ 1.5 ಮಿಲಿಮೀಟರಿಗೆ ಎರಡರಲ್ಲಿ ಒಂದು ಬೀಳ್ತದೆ, ವ್ಯಾಸದಲ್ಲಿ ಅರ್ಧ ಮಿಲಿಮೀಟರಿನ ಮೆಟ್ಟಿಲು. ಉಳಿದ ಅರ್ಧ ಮಿಲಿಮೀಟರನ್ನು ನುಂಗ್ಲಿಕ್ಕೆ ಪಟ್ಟಿಯ ಬೆನ್ನಲ್ಲಿ ಒಂದು ಸಣ್ಣ ಅಲೆ ಒತ್ತಿದೆ, ಅದು ಸ್ಪ್ರಿಂಗಿನ ಹಾಗೆ ಕೆಲಸ ಮಾಡ್ತದೆ, ಪಿವಿಸಿ ದಿನ ಹೋದ ಹಾಗೆ ಕುಗ್ಗಿದಾಗಲೂ ಹಿಂದೆಯೇ ಹೋಗಿ ಹಿಡೀತದೆ.

ಮೊದಲ ಲಾಟು 50 ಕ್ಲಿಪ್, ಮೆತ್ತಗಿನ ಪಟ್ಟಿಯಲ್ಲಿ. ಕೊಕ್ಕೆ ಬಾಳೆಸಿಪ್ಪೆಯ ಹಾಗೆ ಬಿಚ್ಚಿಕೊಂಡು ಬಂತು. ಪಟ್ಟಿಗೆ ಏನೂ ಆಗಿರ್ಲಿಲ್ಲ, ಮುಚ್ಚುವಾಗ 60 ಕೆಜಿ ಎಳೆದ್ರೂ ಅದರ ಮೇಲಿನ ಭಾರ ಒಂದು ಚದರ ಮಿಲಿಮೀಟರಿಗೆ 11 ಕೆಜಿ ಮಾತ್ರ, ಆದ್ರೆ ಕೊಕ್ಕೆಯ ಬುಡ ಇರುದೇ 2.6 ಮಿಲಿಮೀಟರ್, ಎಲ್ಲ ಭಾರ ಅಲ್ಲಿಗೆ. ಕಾಲು ಭಾಗ ಗಟ್ಟಿ ಮಾಡಿದ, ಕ್ವಾರ್ಟರ್ ಹಾರ್ಡ್ ಅಂತ ಹೇಳುವ ಪಟ್ಟಿ ತರಿಸಿದೆ, ಕೊಕ್ಕೆಯ ಮಡಿಕೆಗೆ ಪಟ್ಟಿಯ ದಪ್ಪದಷ್ಟು ರೇಡಿಯಸ್ ಕೊಟ್ಟೆ, ಸರಿ ಆಯ್ತು. ಇನ್ನೊಂದು ಸಣ್ಣ ವಿಷಯ, ಪಟ್ಟಿ ಕತ್ತರಿಸುವಾಗ ಒಂದು ಬದಿಗೆ ಚೂಪು ಅಂಚು ಏಳ್ತದೆ, ಅದು ಹೊರಗೆ ಬರುವ ಹಾಗೆ ಬಗ್ಗಿಸ್ಬೇಕು, ಒಳಗೆ ಬಂದ್ರೆ ಹೋಸಿಗೆ ಬ್ಲೇಡ್. ಹೊರಗೆ ಬಂದ್ರೆ ಕೈಗೆ ಬ್ಲೇಡ್, ಹಾಗಾಗಿ ಮತ್ತೆ ಉಜ್ಜಲೇಬೇಕು.

ಪಟ್ಟಿಯ ಒಳತುದಿಯನ್ನು ನಾಲಗೆಯ ಹಾಗೆ ಸಪೂರ ಮಾಡಿ ಹೊರಪಟ್ಟಿಯ ಅಡಿಯಲ್ಲಿ ಒತ್ತಿದ ಒಂದು ಚರಂಡಿಯೊಳಗೆ ಸೇರಿಸಿದ್ದೇನೆ, ಇಲ್ಲದಿದ್ರೆ ಎರಡು ಪಟ್ಟಿ ಸೇರುವಲ್ಲಿ 0.6 ಮಿಲಿಮೀಟರಿನ ಮೆಟ್ಟಿಲು ಉಳಿದು ಅಲ್ಲಿಂದ ಹನೀತದೆ.

ಈಗ ಇಕ್ಕುಳ. ನಿಜ ಹೇಳ್ಬೇಕಾದ್ರೆ ಇದನ್ನೇ ಮೊದಲು ಮಾಡ್ಬೇಕಿತ್ತು. ನಾನು ಕ್ಲಿಪ್ ಪೂರ್ತಿ ಮಾಡಿ ಆಮೇಲೆ ಹಳೇ ಬಡಗಿಯ ಇಕ್ಕುಳಕ್ಕೆ ಎರಡು ಪಿನ್ ಬೆಸುಗೆ ಹಾಕಿದೆ, ಅಲ್ಲೇ ಎಡವಿದ್ದು. ಪಿನ್ನುಗಳು ಕ್ಲಿಪ್ಪಿನ ಎರಡು ತೂತಿಗೆ ಹೋಗಿ ಎರಡು ತುದಿಯನ್ನು ಹತ್ತಿರ ತರಬೇಕು, ಆದ್ರೆ ಇಕ್ಕುಳದ ಬಾಯಿ ನೇರ ಬರುದಿಲ್ಲ, ಕಮಾನಿನಲ್ಲಿ ತಿರುಗ್ತಾ ಬರ್ತದೆ, ಬಾಯಿ ಮುಚ್ಚಿದ ಹಾಗೆ ಪಿನ್ ಓರೆಯಾಗಿ ತೂತಿನಿಂದ ಜಾರಿ ಹಾರ್ತದೆ, ನನ್ನ ಎಡಗೈ ಹೆಬ್ಬೆರಳಿನಲ್ಲಿ ಅದರ ಗುರ್ತು ಈಗ್ಲೂ ಉಂಟು. ಪಿನ್ನನ್ನು 8 ಡಿಗ್ರಿ ಒಳಗೆ ಓರೆ ಮಾಡಿ ಕೊಕ್ಕಿನ ಹಾಗೆ ಉಜ್ಜಿದ ಮೇಲೆ ಎಳೆದಷ್ಟೂ ಒಳಗೆ ಕಚ್ಚುತ್ತದೆ.

ಎರಡನೇ ಗೋಳು, ಬೇಕಾದಷ್ಟೇ ಎಳೆದ್ರೆ ಸಾಕಾಗುದಿಲ್ಲ, ಸ್ವಲ್ಪ ದಾಟಿ ಹೋಗ್ಬೇಕು. ಕೊಕ್ಕೆ ಕಿಟಕಿಗೆ ಬೀಳ್ಬೇಕಾದ್ರೆ ಅರ್ಧ ಮಿಲಿಮೀಟರ್ ಮುಂದೆ ಎಳೆದು, ಕೆಳಗೆ ಒತ್ತಿ, ಮತ್ತೆ ಹಿಂದೆ ಬಿಡ್ಬೇಕು. ಅಂದ್ರೆ ಕ್ಲಿಪ್ಪಿನಲ್ಲಿ ಉಳಿಯುವ ಬಿಗಿಗಿಂತ ಇಕ್ಕುಳದ ಬಲ ಯಾವಾಗ್ಲೂ ಜಾಸ್ತಿ ಬೇಕು. 40 ಕೆಜಿ ಉಳೀಬೇಕಾದ್ರೆ 60ರ ಹತ್ತಿರ ಎಳೀಲಿಕ್ಕೆ ಲೆಕ್ಕ ಹಾಕಿದೆ. ತಿರುಗಣೆಯಿಂದ ಪಿನ್ನಿಗೆ 20 ಮಿಲಿಮೀಟರ್, ಹಿಡಿಗೆ 160, ಎಂಟು ಪಟ್ಟು ಆಯ್ತು, ಅಂಗೈಯಲ್ಲಿ 10 ಕೆಜಿ ಹಿಸುಕಿದ್ರೆ ಘರ್ಷಣೆ ಕಳೆದು ಸಿಕ್ತದೆ. ಒದ್ದೆ ಕೈಯಲ್ಲಿ, ಮೈಲುತುತ್ತು ಮೆತ್ತಿದ ಕೈಯಲ್ಲಿ 10 ಕೆಜಿ ಅಂದ್ರೆ ಆರಾಮ, 20 ಅಂದ್ರೆ ಕಷ್ಟ.

ಮೂರನೆಯದ್ದು, ಎಳೆಯುವಾಗ ಹೊರಪಟ್ಟಿ ಮೇಲೆ ಏಳ್ತದೆ, ಅದನ್ನು ಯಾರು ಒತ್ತುದು? ಮೊದಲು ನಾನೇ ಸ್ಕ್ರೂಡ್ರೈವರಿನಿಂದ ಒತ್ತುತ್ತಿದ್ದೆ, ಅಂದ್ರೆ ಒಂದು ಕ್ಲಿಪ್ಪಿಗೆ ಮೂರು ಕೈ. ಆಮೇಲೆ ಎರಡು ಬಾಯಿಯ ನಡುವೆ ಸ್ಪ್ರಿಂಗ್ ಇರುವ ಒಂದು ಸಣ್ಣ ಪಾದ ಇಟ್ಟೆ, ಬಾಯಿ ಮುಚ್ಚುವಾಗ ಅದು ಪಟ್ಟಿಯ ಮೇಲೆ ಕೂತು ಒತ್ತುತ್ತದೆ, ಕೊಕ್ಕೆ ಕಿಟಕಿಗೆ ಬೀಳುವಾಗ "ಟಿಕ್" ಅಂತ ಸದ್ದು. ಆ ಸದ್ದು ಕೇಳಿದ ದಿನ ನಾನು ಮನೆಯವಳನ್ನು ಅಡಿಗೆಮನೆಯಿಂದ ಕರೆದು ಮೂರು ಸಲ ಕೇಳಿಸಿದೆ. "ಇದಕ್ಕಾ ಇಷ್ಟು ಸಮಯ?" ಅಂತ ಕೇಳಿದಳು, ಅದೂ ನ್ಯಾಯವೇ.

ಪಾದಕ್ಕೆ ಜಾಗ ಬೇಕಾದ ಕಾರಣ ಕ್ಲಿಪ್ಪಿನ ತೂತುಗಳನ್ನು 4 ಮಿಲಿಮೀಟರ್ ದೂರ ಸರಿಸ್ಬೇಕಾಯ್ತು, ಅದಕ್ಕೆ ಡೈ, ಅಂದ್ರೆ ಪಟ್ಟಿ ಒತ್ತುವ ಅಚ್ಚು, ಪುನಃ ಮಾಡ್ಬೇಕಾಯ್ತು, ಗಟ್ಟಿ ಮಾಡಿದ ಡೈ ಕಸಕ್ಕೆ. ಇಕ್ಕುಳದ ಬಾಯಿಯನ್ನು ಕಾಗದದಲ್ಲಿ ಬಿಡಿಸಿದ ಮೇಲೆ ಕ್ಲಿಪ್ಪಿನ ಗೆರೆ ಹಾಕಿದ್ದಿದ್ರೆ ಆ ಡೈ ಉಳೀತಿತ್ತು. ಈಗ ಯಾರು ಇಂಥ ಕೆಲಸಕ್ಕೆ ಸಲಹೆ ಕೇಳಿದ್ರೂ ನಾನು ಮೊದಲು ಕೇಳುದು, ಯಾವ ಕೈಯಲ್ಲಿ, ಎಲ್ಲಿ ನಿಂತು, ಯಾವ ದಿಕ್ಕಿನಿಂದ ಮುಚ್ತೀರಿ ಅಂತ.

ತೋಟದಲ್ಲಿ ಏನಾಯ್ತು ಅಂದ್ರೆ, ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದ್ದು 40-45 ದಿನ ಕಳೆದು, ಎರಡಕ್ಕೂ ಹನ್ನೆರಡು ಜಾಯಿಂಟ್ ನನ್ನ ಕ್ಲಿಪ್ಪಿನಲ್ಲೇ ಹೋಯ್ತು. ಹನ್ನೊಂದು ಹಿಡಿಯಿತು. ಒಂದು ಹನಿಯಿತು, ನೋಡಿದ್ರೆ ಅಲ್ಲಿ ಬೇರೆ ಕಂಪೆನಿಯ ಹೋಸಿನ ತುಂಡು, ಹೊರಗಾತ್ರ 13.2, ಕೊನೆಯ ಕಿಟಕಿಗೂ ಸಡಿಲ. ದೋಟಿಗೆ ಗೀರು ಬೀಳಲಿಲ್ಲ, ಸೋಗೆಗೆ ಸಿಕ್ಕಿಕೊಳ್ಳುದೂ ನಿಂತಿತು. ಆದ್ರೆ ಆ ಅಣ್ಣನಿಗೆ ಪೂರ್ತಿ ಸಮಾಧಾನ ಇಲ್ಲ. "ಭಟ್ರೇ, ಗುಡ್ಡೆಯಲ್ಲಿ ಹೋಸು ಒಡೆದ್ರೆ ಬಿಚ್ಚುದು ಹೇಗೆ, ನಿಮ್ಮ ಇಕ್ಕುಳ ಮನೆಯಲ್ಲಿ ಉಂಟಲ್ವಾ?" ಕೊಕ್ಕೆಯ ಅಡಿಗೆ ಸ್ಕ್ರೂಡ್ರೈವರ್ ತುದಿ ಹೋಗುವಷ್ಟು ಸಂದು ಕೊಟ್ಟಿದ್ದೇನೆ, ಬಿಚ್ಚಬಹುದು, ಎರಡು ಮೂರು ಸಲ ಮತ್ತೆ ಹಾಕಲೂಬಹುದು, ಆಮೇಲೆ ಕೊಕ್ಕೆ ದಣೀತದೆ. ಹಾಕ್ಲಿಕ್ಕೆ ಮಾತ್ರ ಇಕ್ಕುಳ ಇಲ್ಲದೆ ಆಗುದಿಲ್ಲ. ಹಾಗಾಗಿ ಅವರ ಚೀಲದಲ್ಲಿ ಎರಡು ಸ್ಕ್ರೂ ಕ್ಲಿಪ್ ಈಗ್ಲೂ ಇರ್ತದೆ, ಇರಲಿ ಅಂತ ನಾನೇ ಹೇಳಿದ್ದೇನೆ.

ಇಕ್ಕುಳ ಅವರ ಹತ್ರವೇ ಉಳೀತು. ಮೊನ್ನೆ ಹೋದಾಗ ಅದರಲ್ಲಿ ಬೇಲಿಯ ಸರಿಗೆ ಬಿಗಿ ಮಾಡ್ತಾ ಇದ್ರು, ಒಂದು ಪಿನ್ ಬಗ್ಗಿದೆ. ಜೂನಿನೊಳಗೆ ಇನ್ನೊಂದು ಮಾಡ್ಬೇಕು, ಪಿನ್ ತಿರುಪಿನಿಂದ ಬದಲಿಸುವ ಹಾಗೆ, ಹಿಡಿ 2 ಸೆಂಟಿಮೀಟರ್ ಗಿಡ್ಡ, ಸೊಂಟದ ಚೀಲಕ್ಕೆ ಹೋಗುವ ಹಾಗೆ. ಗಿಡ್ಡ ಮಾಡಿದ್ರೆ ಎಂಟು ಪಟ್ಟು ಏಳಕ್ಕೆ ಇಳೀತದೆ, ಆ ಲೆಕ್ಕ ಇನ್ನೂ ಬಾಕಿ ಉಂಟು.