ಕಿಡ್ನಿ ಹಾಕಿಸಿ ಆರು ವರ್ಷ ಆಯ್ತು, ಎಲ್ಲಾ ನಾರ್ಮಲ್ ಇದೆ, ಮಾತ್ರೆ ಇನ್ನೂ ಬೇಕಾ?

ಪ್ರಶ್ನೆ: ನಮ್ಮ ಭಾವಂಗೆ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿ ಆರು ವರ್ಷ. ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರ್ಸೋ ರಕ್ತಪರೀಕ್ಷೆ) 1.2 ಇದೆ, ತೋಟದ ಕೆಲಸಾನೂ ಮಾಡ್ತಾರೆ. "ನುಂಗಿ ನುಂಗಿ ಸಾಕಾಗಿದೆ, ಈಗ ಆರಾಮಾಗಿದೀನಲ್ಲ, ಸಂಜೆದು ಬಿಟ್ರೆ ಏನಾಗತ್ತೆ" ಅಂತಾರೆ. ಏನ್ ಹೇಳೋದು?

ಉತ್ತರ: ಭಾವ ಆರಾಮಾಗಿರೋದೇ ಆ ಮಾತ್ರೆಯಿಂದ. ಆರಲ್ಲ, ಇಪ್ಪತ್ತು ವರ್ಷ ಆದ್ರೂ ಮೈಯೊಳಗಿನ ರೋಗನಿರೋಧಕ ಶಕ್ತಿ ಆ ಕಿಡ್ನಿನ ಹೊರಗಿಂದ ಬಂದಿದ್ದು ಅಂತ್ಲೇ ನೋಡತ್ತೆ, ಆ ಶಕ್ತೀನ ತಗ್ಗಿಸಿಡೋದೇ ಈ ಮಾತ್ರೆಗಳ ಕೆಲಸ. 1954ರಲ್ಲಿ ಬಾಸ್ಟನ್‌ನಲ್ಲಿ ಮಾಡಿದ ಕಿಡ್ನಿ ಕಸಿ ಇಂಥ ಮಾತ್ರೆ ಇಲ್ದೇನೂ ನಿಂತಿದ್ದು ಯಾಕಂದ್ರೆ ಕೊಟ್ಟೋರು ತಗೊಂಡೋರು ತದ್ರೂಪಿ ಅವಳಿ ಅಣ್ತಮ್ಮಂದಿರು, ಅಷ್ಟೇ. ಉಳಿದೋರಿಗೆ ಹೆತ್ತ ತಾಯಿನೇ ಕೊಟ್ಟಿದ್ರೂ ಮಾತ್ರೆ ಬೇಕು.

ತೊಂದ್ರೆ ಏನಂದ್ರೆ ರಿಜೆಕ್ಷನ್, ಅಂದ್ರೆ ಮೈ ಆ ಕಿಡ್ನಿ ಮೇಲೆ ತಿರುಗಿಬೀಳೋದು, ಶುರುವಾದಾಗ ಬಹಳ ಸಲ ನೋವು, ಜ್ವರ ಏನೂ ಇರಲ್ಲ, ಕ್ರಿಯಾಟಿನಿನ್ ಏರೋ ಹೊತ್ತಿಗೆ ಒಳಗೆ ಒಂದಷ್ಟು ಹಾಳಾಗಿರತ್ತೆ, ಅದ್ರಲ್ಲಿ ಕೆಲವು ಡ್ಯಾಮೇಜ್ ಆಮೇಲೆ ಏನ್ ಮಾಡಿದ್ರೂ ವಾಪಸ್ ಸರಿಹೋಗಲ್ಲ. ಹಾಗಾಗಿ ನಾಲ್ಕು ದಿನ ಬಿಟ್ಟು ನೋಡಿದೆ, ಏನೂ ಆಗ್ಲಿಲ್ಲ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಹಾಗಂತ ಬೈಬೇಡಿ. ಮಾತ್ರೆ ಬಿಡೋರೆಲ್ಲ ಉಡಾಫೆ ಜನ ಅಲ್ಲ. ಈ ಮಾತ್ರೆಗಳಲ್ಲಿ ಟ್ಯಾಕ್ರೋಲಿಮಸ್‌ಗೆ ಕೈ ನಡುಗತ್ತೆ, ಕಾಫಿ ಲೋಟ ತುಂಬಾ ಕೊಟ್ರೆ ಚೆಲ್ಲತ್ತೆ, ಬ್ಯಾಂಕಲ್ಲಿ ಸೈನ್ ಮ್ಯಾಚ್ ಆಗಲ್ಲ, ಕೆಲವರಿಗೆ ಹೊಸದಾಗಿ ಶುಗರ್ ಬರತ್ತೆ. ಸ್ಟೀರಾಯ್ಡ್‌ಗೆ ಮುಖ ಊದತ್ತೆ, ಮದುವೆ ಆಗಬೇಕಾದ ಹುಡುಗಿಗೆ ಅದು ಸಣ್ಣ ವಿಷಯ ಅಲ್ಲ. ಮೈಕೋಫಿನೋಲೇಟ್‌ಗೆ ಹೊಟ್ಟೆ ಕೆಡತ್ತೆ, ಬಸ್ಸಲ್ಲಿ ದೂರ ಹೋಗೋರು ಅದಕ್ಕೇ ಆವತ್ತಿನ ಡೋಸ್ ತಪ್ಪಿಸ್ತಾರೆ. ಖರ್ಚಂತೂ ತಿಂಗಳು ತಿಂಗಳೂ ಇದ್ದಿದ್ದೇ, ದುಡ್ಡು ಸಾಲದೆ ಎರಡರ ಬದ್ಲು ಒಂದು ನುಂಗೋರೂ ಇದಾರೆ, ಆದ್ರೆ ಡಾಕ್ಟರ್ ಮುಂದೆ ನಾಚಿಕೆಗೆ "ಸರಿಯಾಗಿ ತಗೋತಿದೀನಿ ಸಾರ್" ಅಂದ್ಬಿಡ್ತಾರೆ. ನನ್ನ ಕೇಳಿದ್ರೆ ಮಾತ್ರೆ ಬಿಡೋದಕ್ಕಿಂತ ಡೇಂಜರ್ ಈ ಸುಳ್ಳು. ನಿಜ ಹೇಳಿದ್ರೆ ಡೋಸ್ ಇಳಿಸೋದು, ಬೇರೆ ಮಾತ್ರೆಗೆ ಬದಲಾಯಿಸೋದು, ಕಡಿಮೆ ರೇಟಿನ ಬ್ರ್ಯಾಂಡ್ ನೋಡೋದು, ಏನಾದ್ರೂ ದಾರಿ ಇರತ್ತೆ. ಮಗು ಬೇಕು ಅನ್ನೋ ಹೆಣ್ಮಕ್ಕಳು ಬಸಿರಾಗೋಕೆ ಮುಂಚೇನೇ ಹೇಳ್ಬೇಕು, ಮೈಕೋಫಿನೋಲೇಟ್ ಮಗುಗೆ ಆಗಲ್ಲ. ಬ್ರ್ಯಾಂಡ್ ಮಾತ್ರ ಮೆಡಿಕಲ್ ಶಾಪಿನವರು ಕೊಟ್ರು ಅಂತ ತಗೊಂಡು ಬರಬೇಡಿ, ಬದಲಾಯಿಸಿದ್ರೆ ಲೆವೆಲ್, ಅಂದ್ರೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ, ಚೆಕ್ ಮಾಡಿಸ್ಬೇಕು.

ಲೆವೆಲ್ ಟೆಸ್ಟ್ ದಿನ ಎಷ್ಟೋ ಜನ ಅಭ್ಯಾಸಬಲದಿಂದ ಬೆಳಗ್ಗೆ ಮಾತ್ರೆ ನುಂಗ್ಕೊಂಡೇ ಆಸ್ಪತ್ರೆಗೆ ಬರ್ತಾರೆ, ಆಗ ರಿಪೋರ್ಟಲ್ಲಿ ಲೆವೆಲ್ ಸುಮ್ಸುಮ್ನೆ ಜಾಸ್ತಿ ತೋರ್ಸತ್ತೆ. ರಕ್ತ ಕೊಟ್ಟು ಆಮೇಲೆ ನುಂಗ್ಬೇಕು. ದೇವನಹಳ್ಳಿ ಕಡೆಯೋರಿಗೆ ಬೇಜಾರಾಗ್ಬಹುದು, ಆದ್ರೆ ಚಕ್ಕೋತ ಹಣ್ಣೂ ಬೇಡ, ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರಿಸಿಬಿಡತ್ತೆ. ಇಮ್ಯೂನಿಟಿ ಹೆಚ್ಚಿಸೋ ಕಷಾಯ, ಪುಡಿ ಅಂತ ನೆಂಟರು ತಂದುಕೊಟ್ರೆ ತೆಗೆದಿಡಿ, ಇಲ್ಲಿ ಬೇಕಾಗಿರೋದು ಅದರ ಉಲ್ಟಾ.

ನಿಮ್ಮ ಭಾವನ ಹತ್ರ ಒಂದೇ ಕೇಳಿ: ಸಂಜೆದೇ ಯಾಕೆ ಬೇಜಾರು? ನಡುಕಾನಾ, ಹೊಟ್ಟೇನಾ, ದುಡ್ಡಾ, ಇಲ್ಲಾ ಎಂಟು ಗಂಟೆಗೆ ತೋಟದಲ್ಲೇ ಇರ್ತಾರಾ? ತೋಟ ಆದ್ರೆ ಒಂದು ದಿನದ ಮಾತ್ರೆ ಡಬ್ಬೀಲಿ ಹಾಕಿ ಜೇಬಲ್ಲಿಡಿ, ಮೊಬೈಲಲ್ಲಿ ಅಲಾರಂ ಇಡಿ. ದಿನಕ್ಕೊಂದೇ ಸಲ ತಗೊಳೋ ಟ್ಯಾಕ್ರೋಲಿಮಸ್ಸೂ ಸಿಗತ್ತೆ, ಅವರಿಗೆ ಆಗತ್ತಾ ಅಂತ ಮುಂದಿನ ಚೆಕಪ್‌ನಲ್ಲಿ ನೆಫ್ರಾಲಜಿಸ್ಟ್‌ನ (ಕಿಡ್ನಿ ಡಾಕ್ಟರ್‌ನ) ಕೇಳಿ.