ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿದರೂ ಯಾಕೆ ನೆನಪಿರಲ್ಲ?

ಪ್ರಶ್ನೆ: ದಿನಾ ಹತ್ತು ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅರ್ಥ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ವಾರ ಕಳೆದರೆ ಒಂದೂ ನೆನಪಿಲ್ಲ. ನನ್ನ ನೆನಪಿನ ಶಕ್ತಿಯೇ ಕಮ್ಮಿಯಾ?

ಇಲ್ಲ. ನಿಮ್ಮ ತಲೆ ಸರಿಯಾಗೇ ಇದೆ. ಸರಿ ಇಲ್ಲದಿರುವುದು ಆ ನೋಟ್‌ಬುಕ್ಕು. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಆದರೂ ಪ್ರತಿ ಜೂನ್‌ನಲ್ಲಿ ಯಾರಾದರೂ ನಡುವೆ ಗೆರೆ ಎಳೆದ ಹೊಸ ನೋಟ್‌ಬುಕ್ ಹಿಡಿದು ಬರುತ್ತಾರೆ.

ಅವರ ಲೆಕ್ಕ ಹೀಗೆ: ದಿನಕ್ಕೆ 10, ವರ್ಷಕ್ಕೆ 3,650. ಇದು ಹುಂಡಿಯ ಲೆಕ್ಕ. ಹುಂಡಿಗೆ ಹಾಕಿದ ಕಾಸು ಅಲ್ಲೇ ಇರುತ್ತದೆ, ಪದ ಇರುವುದಿಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹಾರಿಹೋಗಿತ್ತು!

ಮರೆವು ಹಾಗಿರಲಿ. ದೊಡ್ಡ ತೊಂದರೆ ಆ ಗೆರೆಯದ್ದು. ಎಡಕ್ಕೊಂದು ಪದ, ಬಲಕ್ಕೊಂದು ಅರ್ಥ, ಎರಡೂ ಒಂದೇ ಅನ್ನುವ ಭ್ರಮೆ. ನಮ್ಮ 'ಜೋರು' ತಗೊಳ್ಳಿ. ಮಳೆ ಜೋರಾದರೆ 'ಹೆವಿ'. ದನಿ ಜೋರಾದರೆ 'ಲೌಡ್'. ಗಾಳಿಗೆ 'ಸ್ಟ್ರಾಂಗ್', ಓಟಕ್ಕೆ 'ಫಾಸ್ಟ್'. 'ಅವಳು ಭಾರಿ ಜೋರು' ಅನ್ನುವುದಕ್ಕೆ ಏನು ಹೇಳುತ್ತೀರೋ ನೀವೇ ನೋಡಿಕೊಳ್ಳಿ. ಇನ್ನು 'ಹಾಕು': ಲೈಟ್ ಹಾಕು, ಬೀಗ ಹಾಕು, ಷರ್ಟ್ ಹಾಕು, ಕಾಫಿಗೆ ಸಕ್ಕರೆ ಹಾಕು. ನೋಟ್‌ಬುಕ್ಕಿನಲ್ಲಿ 'ಪುಟ್ = ಹಾಕು' ಅಂತ ಬರೆದುಕೊಂಡವರು ಬೀಗವನ್ನೂ 'ಪುಟ್' ಮಾಡುತ್ತಾರೆ. ತಪ್ಪು ಅವರದ್ದಲ್ಲ, ಗೆರೆಯದ್ದು.

ಎ ಅಕ್ಷರದಿಂದ ಡಿಕ್ಷನರಿ ಶುರುಮಾಡುವವರ ಕಥೆಯೇ ಬೇರೆ. 'ಅಬೇಟ್, ಅಬೈಡ್, ಅಬಾಲಿಷ್' ಸಾಲಾಗಿ ಕಲಿತರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. 'ಅಬಂಡನ್' ಮಾತ್ರ ಎಲ್ಲರಿಗೂ ಗೊತ್ತು, ಯಾಕೆಂದರೆ ಪ್ರತಿ ಸಲ ಶುರುವಾಗುವುದು ಅಲ್ಲಿಂದಲೇ. ಅದರ ಅರ್ಥ ಕೈಬಿಡು. ನಾವೂ ಅಲ್ಲಿಗೇ ಕೈಬಿಡುತ್ತೇವೆ.

ಹಾಗಾದರೆ ಏನು ಮಾಡೋದು? ಹಳೇ ಮದುವೆ ಕಾರ್ಡುಗಳನ್ನು ಚೀಟಿಗಳಾಗಿ ಕತ್ತರಿಸಿ. ಒಂದು ಬದಿಗೆ ನಿಮ್ಮದೇ ಒಂದು ವಾಕ್ಯ, ಪದದ ಜಾಗ ಖಾಲಿ. ಹಿಂದೆ ಆ ಪದ. ತಿರುಗಿಸುವ ಮುಂಚೆ ಪದ ನೆನಪು ಮಾಡಿಕೊಳ್ಳಲು ಒದ್ದಾಡಿ. ಸುಮ್ನೆ ಓದಿದರೆ ಗುರುತು ಸಿಗುತ್ತದೆ ಅಷ್ಟೇ, ಮಾತಾಡುವಾಗ ಬಾಯಿಗೆ ಬರಲ್ಲ. ಪದ ನೆನಪಿಗೆ ಬಂದರೆ ಆ ಚೀಟಿಯನ್ನು ಮತ್ತೆ ನೋಡುವುದು ಮೂರು ದಿನಕ್ಕೆ, ಆಮೇಲೆ ವಾರಕ್ಕೆ, ತಿಂಗಳಿಗೆ. ಬರದಿದ್ದರೆ ಮತ್ತೆ ನಾಳೆಗೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಇದನ್ನೇ ಡಬ್ಬದ ಖಾನೆಗಳಲ್ಲಿ ಮಾಡಿ ತೋರಿಸಿದ. ಪದ ಕಲಿಸುವ ಇವತ್ತಿನ ಆ್ಯಪ್‌ಗಳ ಒಳಗಿರುವುದೂ ಹೆಚ್ಚುಕಮ್ಮಿ ಇದೇ ಉಪಾಯ.

ಯಾವ ಪದ? ಒಂದು ಕಾಲದಲ್ಲಿ ಢಾಕಾದಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ, ಹೆಚ್ಚು ಬಳಕೆಯಾಗುವ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿ ಹೊರತಂದ. ಅದರಲ್ಲಿ ನನಗೆ ಇಷ್ಟವಾದದ್ದು ಒಂದು: ಪದದ ಯಾವ ಅರ್ಥ ಎಷ್ಟು ಸಲ ಬಳಕೆಯಾಗುತ್ತದೆ ಅಂತಲೂ ಆತ ಕೊಟ್ಟಿದ್ದಾನೆ. ಗೆರೆ ಎಳೆಯುವವರು ಒಮ್ಮೆ ಅದನ್ನು ನೋಡಬೇಕು.

ಅಂದಹಾಗೆ, ನಮಗೆ ಆಗಲೇ 'ಗೊತ್ತಿರುವ' ಪದಗಳ ಬಗ್ಗೆ ಯಾರೂ ಕೇಳುವುದೇ ಇಲ್ಲ. ಹೋಟೆಲ್ ಅಂದರೆ ನಮಗೆ ಇಡ್ಲಿ-ವಡೆ. ಲಂಡನ್‌ನಲ್ಲಿ ಹೋಟೆಲ್ ಎಲ್ಲಿ ಅಂತ ಕೇಳಿದರೆ ರೂಮು ತೋರಿಸುತ್ತಾರೆ. ಅದಕ್ಕಿಂತ ಅಪಾಯದ್ದು 'ಡೌಟ್'. ಕ್ಲಾಸಿನಲ್ಲಿ 'ಸರ್, ಒಂದು ಡೌಟು' ಅಂದರೆ ಪ್ರಶ್ನೆ ಇದೆ ಅಂತ, ಅಲ್ವಾ? ಹೊರದೇಶದ ಬಾಸ್‌ಗೆ 'ಐ ಹ್ಯಾವ್ ಎ ಡೌಟ್' ಅಂದರೆ, ತನ್ನ ಮಾತನ್ನು ನೀವು ನಂಬುತ್ತಿಲ್ಲ ಅಂದುಕೊಂಡರೂ ಅಂದುಕೊಂಡ. 'ಕ್ವೆಶ್ಚನ್' ಅನ್ನಿ. ಅದೂ ನಿಮಗೆ ಗೊತ್ತಿರೋ ಪದವೇ.